ಎರಡು ಫೋಟೊ, ಕಾಣೆಯಾದ ಒಂದು ಬೆಳ್ಳಿ ತಂತಿ: ವ್ಯತ್ಯಾಸ ಹುಡುಕಲು ಯಾವ ದಾರಿ ಹಿಡಿಯಬೇಕು?

ಬೀದರ್‌ನಲ್ಲಿ ನನಗೆ ಪರಿಚಯದ ಚಾಚಾ ಒಬ್ಬರು ಬಿದರಿ ಕೆಲಸ ಮಾಡುತ್ತಾರೆ. ಹೊರ ಊರಿಗೆ ಪ್ರದರ್ಶನಕ್ಕೆ ಕಳಿಸಿದ್ದ ಅವರ ತಟ್ಟೆಯೊಂದು ವಾಪಸ್ ಬಂದಿತ್ತು. ಕಳಿಸುವ ಮುಂಚೆ ತೆಗೆದ ಫೋಟೊ ನನ್ನ ಹತ್ತಿರ ಇತ್ತು. ಬಂದ ಮೇಲೆ ಇನ್ನೊಂದು ತೆಗೆದೆ. ಎರಡನ್ನೂ ಹೋಲಿಸಿ ವ್ಯತ್ಯಾಸ ಇರುವ ಕಡೆ ಚೌಕ ಹಾಕುವ ಕೋಡ್‌ಗೆ ಕೊಟ್ಟೆ. ಪರದೆ ತುಂಬ ಕೆಂಪು ಚೌಕಗಳು ಬಂದವು.

"ಏನ್ ಬೇಟಾ ಇದು, ಇಡೀ ತಟ್ಟೀನೇ ಬದಲಾಗ್ಯಾದ ಅಂತದಲ್ಲ?" ಎಂದರು ಚಾಚಾ. ತಟ್ಟೆಯನ್ನು ಕೈಗೆತ್ತಿಕೊಂಡರು. ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. "ಇಲ್ಲಿ ನೋಡು." ಒಂದು ಎಸಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬೆಳ್ಳಿ ತಂತಿ ಎದ್ದುಹೋಗಿತ್ತು. ಅದಿದ್ದ ಜಾಗದಲ್ಲಿ ಕೂದಲೆಳೆಯಂಥ ಕಪ್ಪು ಗೀರು.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಕೊನೆ ವರ್ಷದ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಹುಡುಗರು, ಕಲಬುರಗಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ಗೆಳೆಯ, ಎಲ್ಲರೂ ಕೇಳುವುದು ಒಂದೇ: ಸುಮಾರಾಗಿ ಒಂದೇ ಥರ ಇರುವ ಎರಡು ಚಿತ್ರಗಳಲ್ಲಿ ಬೇರೆಯಾದದ್ದನ್ನು ಹುಡುಕಲು ಯಾವ ಮೆಥಡ್ ಒಳ್ಳೆಯದು? ಬರೀ ಮೆಥಡ್ ಹೆಸರು ಹೇಳಿಬಿಟ್ಟರೆ ಅವರಿಗೆ ಉಪಯೋಗವಿಲ್ಲ. ಫೋಟೊ ಹೇಗೆ ತೆಗೆದಿದ್ದೀರಿ ಅನ್ನುವುದರ ಮೇಲೆ ಮುಕ್ಕಾಲು ಪಾಲು ಉತ್ತರ ನಿಂತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೋಡ್ ಬರೆಯುವ ಮುಂಚೆ ನೋಡಬೇಕಾದ್ದು

ಎರಡು ಫೋಟೊಗಳ ನಡುವೆ ಕ್ಯಾಮೆರಾ ಎಷ್ಟು ಸರಿದಿದೆ? ಇದು ಮೊದಲ ಪ್ರಶ್ನೆ. ಸ್ಟ್ಯಾಂಡ್ ಮೇಲೆ ಇದ್ದ ಫೋನ್ ಒಂದು ಕೂದಲೂ ಅಲುಗಿಲ್ಲ ಅಂದರೆ ಒಂದು ದಾರಿ. ಕೈಯಲ್ಲಿ ಹಿಡಿದು ತೆಗೆದಿದ್ದರೆ ಬೇರೆಯೇ ದಾರಿ. ಎರಡನೆಯದು ಬೆಳಕು. ಬೆಳಗ್ಗೆ ಕಿಟಕಿ ಬಿಸಿಲಲ್ಲಿ ಒಂದು, ಸಂಜೆ ಟ್ಯೂಬ್‌ಲೈಟಲ್ಲಿ ಒಂದು ತೆಗೆದರೆ ವಸ್ತು ಅದೇ ಇದ್ದರೂ ಪಿಕ್ಸೆಲ್‌ಗಳು (ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕೆಗಳು) ಅವೇ ಇರುವುದಿಲ್ಲ.

ಮೂರನೆಯದನ್ನು ಹುಡುಗರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೀವು ಹುಡುಕುವ ಅತಿ ಚಿಕ್ಕ ವ್ಯತ್ಯಾಸ ಎಷ್ಟು ಪಿಕ್ಸೆಲ್ ಇದೆ? ಒಂದು ಲೆಕ್ಕ ಹಾಕೋಣ. 20 ಸೆಂಟಿಮೀಟರ್ ಅಗಲದ ತಟ್ಟೆ ಫೋಟೊದಲ್ಲಿ 3000 ಪಿಕ್ಸೆಲ್ ಆವರಿಸಿದೆ ಅಂದುಕೊಳ್ಳಿ. ಮಿಲಿಮೀಟರಿಗೆ 15 ಪಿಕ್ಸೆಲ್ ಆಯಿತು. ಅರ್ಧ ಮಿಲಿಮೀಟರ್ ದಪ್ಪದ ತಂತಿ ಏಳೆಂಟು ಪಿಕ್ಸೆಲ್ ಇರುತ್ತದೆ. ಆರಾಮಾಗಿ ಸಿಗುತ್ತದೆ. ಕೋಡ್ ಬೇಗ ಓಡಲಿ ಅಂತ ಫೋಟೊವನ್ನು 800 ಪಿಕ್ಸೆಲ್‌ಗೆ ಇಳಿಸಿದಿರೋ, ಅದೇ ತಂತಿ ಎರಡು ಪಿಕ್ಸೆಲ್‌ಗೆ ಬಂತು. ಅದರ ಮೇಲೆ ಒಂದು ಬ್ಲರ್ ಹಾಕಿ ಮಸುಕು ಮಾಡಿದರೆ ಕಥೆ ಮುಗಿಯಿತು. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಆಗಿ ಕಳಿಸಿದರೂ ಇದೇ ಗತಿ, ಅದು ಕುಗ್ಗಿಸಿಯೇ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು, ನಿಮಗೆ ಯಾವ ಉತ್ತರ ಬೇಕು ಅನ್ನುವುದು. "ಎರಡೂ ಒಂದೇನಾ ಬೇರೆನಾ" ಅನ್ನುವುದಷ್ಟೇ ಸಾಕಾ, ಅಥವಾ "ಎಲ್ಲಿ" ಅನ್ನುವುದೂ ಬೇಕಾ? ದಿನಕ್ಕೆ ಎರಡು ಜೋಡಿ ನೋಡುತ್ತೀರಾ, ಎರಡು ಸಾವಿರ ಜೋಡಿಯಾ? ಹತ್ತಿರ ಇರುವುದು ಹಳೆಯ ಲ್ಯಾಪ್‌ಟಾಪಾ, ಜಿಪಿಯು (ಚಿತ್ರಗಳ ಲೆಕ್ಕ ಬೇಗ ಮಾಡುವ ಚಿಪ್) ಇರುವ ಮಷೀನಾ?

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಾನಿಲ್ಲಿ ಹೇಳುವುದೆಲ್ಲ ಒಂದೇ ವಸ್ತುವಿನ ಎರಡು ಫೋಟೊಗಳಿಗೆ, ಅಥವಾ ಒಂದೇ ಫೈಲ್‌ನಿಂದ ಅಚ್ಚಾದ ಎರಡು ಪ್ರತಿಗಳಿಗೆ. ಬಿದರಿಯ ಎರಡು ಬೇರೆ ತಟ್ಟೆಗಳನ್ನು, ಒಂದೇ ಡಿಸೈನ್ ಅಂತ, ಹೀಗೆ ಹೋಲಿಸಲು ಹೋಗಬೇಡಿ. ಸತು ಮತ್ತು ತಾಮ್ರದ ಎರಕ ಹೊಯ್ದು, ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಗೀರಿ, ಉಳಿಯಿಂದ ಕೆತ್ತಿ, ಆ ತೋಡಿನಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎಲ್ಲವೂ ಕೈಯಿಂದ ಆದದ್ದು. ಎರಡು ತಟ್ಟೆಗಳ ಎಸಳುಗಳು ಪಿಕ್ಸೆಲ್‌ಗೆ ಪಿಕ್ಸೆಲ್ ಕೂಡುವುದಿಲ್ಲ. ಕೋಡ್ ಅದನ್ನು ತಪ್ಪು ಅಂತ ತೋರಿಸುತ್ತದೆ. ಅದು ತಪ್ಪಲ್ಲ, ಅಲ್ವಾ?

ಕಳೆಯುವ ಲೆಕ್ಕ: ಆ್ಯಬ್ಸ್‌ಡಿಫ್

ಎಲ್ಲಕ್ಕಿಂತ ಸರಳ ದಾರಿ ಇದು. ಓಪನ್‌ಸಿವಿ ಎಂಬ ಉಚಿತ ಲೈಬ್ರರಿ, ಅಂದರೆ ಚಿತ್ರಗಳ ಕೆಲಸಕ್ಕೆ ಸಿದ್ಧ ಕೋಡ್‌ಗಳ ಸಂಗ್ರಹ, ಇದೆ. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದದ್ದು. ಅದರ ಆ್ಯಬ್ಸ್‌ಡಿಫ್ ಫಂಕ್ಷನ್ ಎರಡು ಚಿತ್ರಗಳ ಪ್ರತಿ ಪಿಕ್ಸೆಲ್ಲನ್ನೂ ಒಂದರಿಂದ ಒಂದು ಕಳೆದು, ಮೈನಸ್ ಬಂದರೆ ಪ್ಲಸ್ ಮಾಡಿ ಕೊಡುತ್ತದೆ. ಬಂದ ಚಿತ್ರಕ್ಕೆ ಥ್ರೆಶೋಲ್ಡ್ (ಇಷ್ಟಕ್ಕಿಂತ ಕಡಿಮೆ ವ್ಯತ್ಯಾಸ ಬಿಡು ಅನ್ನುವ ಮಿತಿ) ಹಾಕಿ, ಉಳಿದ ಬಿಳಿ ಚುಕ್ಕೆಗಳಿಗೆ ಕಾಂಟೂರ್ (ಹೊರಗೆರೆ) ಹುಡುಕಿ, ಚೌಕ ಬರೆದರೆ ಆಯಿತು. ಪೈಥಾನ್‌ನಲ್ಲಿ ಹತ್ತು ಹನ್ನೆರಡು ಸಾಲು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಕೆಲವರು ಆ್ಯಬ್ಸ್‌ಡಿಫ್ ಬಿಟ್ಟು ನಂಪೈನಲ್ಲಿ (ಪೈಥಾನ್‌ನ ಲೆಕ್ಕದ ಲೈಬ್ರರಿ) ನೇರವಾಗಿ ಮೈನಸ್ ಚಿಹ್ನೆ ಹಾಕುತ್ತಾರೆ. ಪಿಕ್ಸೆಲ್ ಬೆಲೆ 0ಯಿಂದ 255ರವರೆಗೆ ಮಾತ್ರ ಇರುವ ಎಂಟು ಬಿಟ್‌ನ ಸಂಖ್ಯೆ. 50ರಿಂದ 60 ಕಳೆದರೆ ಮೈನಸ್ 10 ಬರಬೇಕು. ಅದಕ್ಕೆ ಜಾಗವಿಲ್ಲದೆ ಸುತ್ತು ಹೊಡೆದು 246 ಆಗುತ್ತದೆ. ಹತ್ತರಷ್ಟು ಸಣ್ಣ ವ್ಯತ್ಯಾಸ ಬೆಟ್ಟದಷ್ಟು ಕಾಣುತ್ತದೆ. ಒಬ್ಬ ಹುಡುಗ ಎರಡು ದಿನ ಇದಕ್ಕೇ ಕೂತಿದ್ದ, ಪಾಪ.

ನಮ್ಮವರಿಗೆ ಹೇಳಲೇಬೇಕಾದ ಇನ್ನೊಂದು: ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಓಪನ್‌ಸಿವಿಯ ಇಮ್‌ರೀಡ್ ಫೋಟೊ ತೆರೆಯುವುದಿಲ್ಲ. ದೊಡ್ಡದಾಗಿ ದೂರನ್ನೂ ಹೇಳುವುದಿಲ್ಲ, ಖಾಲಿ ಉತ್ತರ ಕೊಡುತ್ತದೆ. ಮುಂದಿನ ಸಾಲಿನಲ್ಲಿ ಬೇರೆಯದೇ ಎರರ್ ಬಂದು ದಿಕ್ಕು ತಪ್ಪುತ್ತದೆ. ನಂಪೈನ ಫ್ರಮ್‌ಫೈಲ್‌ನಿಂದ ಫೈಲ್ ಓದಿ ಇಮ್‌ಡಿಕೋಡ್‌ಗೆ ಕೊಟ್ಟರೆ ಕನ್ನಡ ಹೆಸರೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಈ ದಾರಿಯ ದೌರ್ಬಲ್ಯ ನೀವೇ ಊಹಿಸಬಹುದು. ಫೋನ್ ಎರಡು ಪಿಕ್ಸೆಲ್ ಸರಿದರೂ ಪ್ರತಿ ಅಂಚೂ ವ್ಯತ್ಯಾಸವಾಗಿ ಹೊಳೆಯುತ್ತದೆ. ಬಿದರಿ ತಟ್ಟೆ ಅಂದರೆ ಬರೀ ಅಂಚುಗಳೇ. ಅವತ್ತು ಚಾಚಾ ಮುಂದೆ ಆದದ್ದು ಇದೇ. ಸ್ಟ್ಯಾಂಡ್ ಇದ್ದು ಬೆಳಕು ಬದಲಾಗದ ಕಡೆ ಮಾತ್ರ ಇದನ್ನು ಬರಿಗೈಯಲ್ಲಿ ಬಳಸಿ. ಅಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಥ್ರೆಶೋಲ್ಡ್ ಎಷ್ಟಿಡಬೇಕು? ತಾನೇ ಆರಿಸಿಕೊಳ್ಳಲಿ ಅಂತ ಓಟ್ಸು ವಿಧಾನ ಹಾಕುವವರಿದ್ದಾರೆ. ಓಟ್ಸು ಯಾವಾಗಲೂ ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೂ ಮಾಡುತ್ತದೆ. ಹಾಗಾಗಿ ಏನೂ ಆಗದ ತಟ್ಟೆಯಲ್ಲೂ ಏನೋ ಆಗಿದೆ ಅನ್ನುತ್ತದೆ. ಇದರ ಬದಲು ಹೀಗೆ ಮಾಡಿ. ವಸ್ತುವನ್ನು ಇಟ್ಟು ಒಂದು ಫೋಟೊ ತೆಗೆಯಿರಿ. ವಸ್ತುವನ್ನು ಎತ್ತಿ, ಮತ್ತೆ ಅದೇ ಜಾಗದಲ್ಲಿ ಇಟ್ಟು ಇನ್ನೊಂದು ತೆಗೆಯಿರಿ. ಇವೆರಡರ ನಡುವೆ ಏನೂ ಬದಲಾಗಿಲ್ಲ ಅಂತ ನಿಮಗೆ ಗೊತ್ತು. ಆದರೂ ಕೋಡ್ ತೋರಿಸುವ ವ್ಯತ್ಯಾಸ ನಿಮ್ಮ ವ್ಯವಸ್ಥೆಯದ್ದೇ ಗದ್ದಲ. ಥ್ರೆಶೋಲ್ಡ್ ಅದಕ್ಕಿಂತ ಸ್ವಲ್ಪ ಮೇಲೆ ಇರಲಿ. ಯಾವ ಮೆಥಡ್ ಆರಿಸಿದರೂ ಈ ಪರೀಕ್ಷೆ ಬಿಡಬೇಡಿ.

ರಚನೆ ನೋಡುವ ಎಸ್‌ಎಸ್‌ಐಎಂ

ಸ್ಟ್ರಕ್ಚರಲ್ ಸಿಮಿಲಾರಿಟಿ, ಅಂದರೆ ಎರಡು ಚಿತ್ರಗಳ ರಚನೆ ಎಷ್ಟು ಹೋಲುತ್ತದೆ ಅನ್ನುವುದರ ಅಳತೆ ಇದು. 2004ರಲ್ಲಿ ಪ್ರಕಟವಾಯಿತು. ಒಂದೊಂದೇ ಪಿಕ್ಸೆಲ್ ಕಳೆಯುವ ಬದಲು ಚಿಕ್ಕ ಚಿಕ್ಕ ಕಿಟಕಿಗಳನ್ನು ಹೋಲಿಸುತ್ತದೆ. ಆ ಕಿಟಕಿಯ ಸರಾಸರಿ ಬೆಳಕು, ಕಪ್ಪು ಬಿಳುಪಿನ ಏರಿಳಿತ, ಒಳಗಿನ ವಿನ್ಯಾಸ, ಮೂರನ್ನೂ ನೋಡಿ ಒಂದು ಅಂಕ ಕೊಡುತ್ತದೆ. ಪೂರ್ತಿ ಒಂದೇ ಆಗಿದ್ದರೆ 1. ಸೈಕಿಟ್-ಇಮೇಜ್ ಲೈಬ್ರರಿಯಲ್ಲಿ ಸಿದ್ಧ ಫಂಕ್ಷನ್ ಇದೆ. ಫುಲ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ ಒಟ್ಟು ಅಂಕದ ಜೊತೆ "ಎಲ್ಲಿ" ಅನ್ನುವ ನಕ್ಷೆಯೂ ಸಿಗುತ್ತದೆ.

ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಆದರೆ ಇದು ಗಾಬರಿ ಬೀಳುವುದಿಲ್ಲ. ಅದೇ ಇದರ ದೊಡ್ಡ ಲಾಭ. ಟ್ಯೂಬ್‌ಲೈಟ್ ಅದೇ, ವೋಲ್ಟೇಜ್ ಮಾತ್ರ ಇಳಿದಿದೆ ಅನ್ನುವ ನಮ್ಮ ಸಂಜೆಗಳಿಗೆ ಆ್ಯಬ್ಸ್‌ಡಿಫ್‌ಗಿಂತ ಇದು ಹೊಂದುತ್ತದೆ. ಸಮಯ ಜಾಸ್ತಿ ತಗೊಳ್ಳುತ್ತದೆ, ಆದರೂ ಸಾಧಾರಣ ಲ್ಯಾಪ್‌ಟಾಪ್ ಸಾಕು.

ಬಿದರಿಗೆ ಬಳಸುವಾಗ ಮಾತ್ರ ಒಂದು ತೊಡಕು ಕಂಡೆ. ತಟ್ಟೆಯ ಕಪ್ಪು ಭಾಗದಲ್ಲಿ ವಿನ್ಯಾಸವೇ ಇಲ್ಲ. ಮಂದ ಬೆಳಕಿನಲ್ಲಿ ಫೋನ್ ತೆಗೆದ ಫೋಟೊದಲ್ಲಿ ಅಲ್ಲಿ ಬರೀ ಕಾಳು ಕಾಳು ನಾಯ್ಸ್ ಇರುತ್ತದೆ. ಎರಡು ಫೋಟೊಗಳ ನಾಯ್ಸ್ ಒಂದಕ್ಕೊಂದು ಹೊಂದುವುದಿಲ್ಲ. ಎಸ್‌ಎಸ್‌ಐಎಂ ಅದನ್ನೇ ವಿನ್ಯಾಸ ಅಂದುಕೊಂಡು ಅಂಕ ಇಳಿಸುತ್ತದೆ. ಬೆಳಕು ಹೆಚ್ಚಿಸುವುದು ಮೊದಲ ಔಷಧಿ. ಅದಾಗದಿದ್ದರೆ ಸ್ಟ್ಯಾಂಡ್ ಮೇಲಿಂದ ನಾಲ್ಕು ಫೋಟೊ ತೆಗೆದು ಸರಾಸರಿ ಮಾಡಿ. ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ತಂತಿಗೆ ಏನೂ ಆಗುವುದಿಲ್ಲ. ಬ್ಲರ್ ಹಾಕಿದರೂ ನಾಯ್ಸ್ ಇಳಿಯುತ್ತದೆ, ಆದರೆ ತಂತಿಯನ್ನೂ ತಿನ್ನುತ್ತದೆ.

ಕ್ಯಾಮೆರಾ ಸರಿದಿದ್ದರೆ ಎಸ್‌ಎಸ್‌ಐಎಂ ಕೂಡ ಕೈ ಕೊಡುತ್ತದೆ. ಅದು ಜೋಡಿಸುವುದಿಲ್ಲ, ಬರೀ ಹೋಲಿಸುತ್ತದೆ.

ಮೊದಲು ಜೋಡಿಸಿ, ಆಮೇಲೆ ಹೋಲಿಸಿ

ಹೆಚ್ಚಿನವರ ಸಮಸ್ಯೆ ಇಲ್ಲೇ ಇದೆ. ನಾನೂ ಒಂದು ವಾರ ಥ್ರೆಶೋಲ್ಡ್ ತಿರುಗಿಸುತ್ತಾ ಕಳೆದೆ. ತೊಂದರೆ ಇದ್ದದ್ದು ಎರಡು ಫೋಟೊ ಒಂದರ ಮೇಲೊಂದು ಕೂರದೇ ಇದ್ದದ್ದರಲ್ಲಿ.

ಜೋಡಿಸಲು ಎರಡು ಬಗೆ. ಒಂದು, ಗುರುತು ಸಿಗುವ ಬಿಂದುಗಳನ್ನು ಎರಡೂ ಫೋಟೊಗಳಲ್ಲಿ ಹುಡುಕಿ ಜೋಡಿ ಮಾಡುವುದು. ಇದಕ್ಕೆ ಓರ್ಬ್ ಅಥವಾ ಸಿಫ್ಟ್ ಎಂಬ ವಿಧಾನ ಬೇಕು. ಓರ್ಬ್ ವೇಗ ಜಾಸ್ತಿ. ಸಿಫ್ಟ್ ನಿಧಾನ, ಆದರೆ ದೂರ, ಬೆಳಕು ಬದಲಾದಾಗ ಹೆಚ್ಚು ನಂಬಬಹುದು. ಸಿಫ್ಟ್‌ಗೆ ಪೇಟೆಂಟ್ ಇತ್ತು. 2020ರಲ್ಲಿ ಅದರ ಅವಧಿ ಮುಗಿಯಿತು, ಈಗ ಓಪನ್‌ಸಿವಿಯ ಮುಖ್ಯ ಪ್ಯಾಕೇಜ್‌ನಲ್ಲೇ ಇದೆ. ಸಿಕ್ಕ ಜೋಡಿಗಳಲ್ಲಿ ಸುಳ್ಳು ಜೋಡಿಗಳನ್ನು ರ್‍ಯಾನ್‌ಸ್ಯಾಕ್ ಸೋಸುತ್ತದೆ. ಉಳಿದವುಗಳಿಂದ ಹೋಮೋಗ್ರಫಿ (ಒಂದು ಫೋಟೊದ ಬಿಂದು ಇನ್ನೊಂದರಲ್ಲಿ ಎಲ್ಲಿ ಬೀಳುತ್ತದೆ ಅನ್ನುವ ಸೂತ್ರ) ಲೆಕ್ಕ ಹಾಕಿ ಎರಡನೇ ಫೋಟೊವನ್ನು ಮೊದಲನೆಯದರ ಮೇಲೆ ಕೂರಿಸುತ್ತೇವೆ. ಕನಿಷ್ಠ ನಾಲ್ಕು ಜೋಡಿ ಬೇಕು. ನೂರಾರು ಇದ್ದರೆ ಒಳ್ಳೆಯದು.

ಇನ್ನೊಂದು ಬಗೆ ಇಸಿಸಿ. ಇದು ಬಿಂದು ಹುಡುಕುವುದಿಲ್ಲ. ಎರಡನೇ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ಜರುಗಿಸುತ್ತಾ ಎಲ್ಲಿ ಚೆನ್ನಾಗಿ ಕೂಡುತ್ತದೋ ಅಲ್ಲಿ ನಿಲ್ಲಿಸುತ್ತದೆ. ಒಂದು ಪಿಕ್ಸೆಲ್‌ಗಿಂತ ಕಡಿಮೆ ಅಂತರದವರೆಗೆ ಸರಿಮಾಡಬಲ್ಲದು. ಆದರೆ ಎರಡು ಫೋಟೊ ಮೊದಲೇ ಹತ್ತಿರ ಹತ್ತಿರ ಇರಬೇಕು. ತುಂಬಾ ದೂರ ಇದ್ದರೆ ದಾರಿ ತಪ್ಪುತ್ತದೆ. ನಾನು ಎರಡನ್ನೂ ಬಳಸುತ್ತೇನೆ. ಮೊದಲು ಓರ್ಬ್‌ನಿಂದ ಒರಟಾಗಿ, ಆಮೇಲೆ ಇಸಿಸಿಯಿಂದ ನಯವಾಗಿ.

ಬಿದರಿ ತಟ್ಟೆಯಲ್ಲಿ ಓರ್ಬ್ ಸೋಲುವುದೂ ಉಂಟು. ಸುತ್ತಲೂ ಅದೇ ಹೂವು, ಅದೇ ಎಸಳು ಹದಿನಾರು ಸಲ. ಮೂರನೇ ಎಸಳನ್ನು ಐದನೇ ಎಸಳಿಗೆ ಜೋಡಿ ಮಾಡಿದರೆ ತಟ್ಟೆ ತಿರುಗಿ ಕೂರುತ್ತದೆ. ಇದಕ್ಕೆ ಉಪಾಯ ಅಗ್ಗದ್ದು. ಆರುಕೋ ಮಾರ್ಕರ್ ಅಂತ ಕಪ್ಪು ಬಿಳುಪು ಚೌಕಗಳಿವೆ, ಪ್ರತಿಯೊಂದಕ್ಕೂ ಬೇರೆ ನಂಬರ್. ನಾಲ್ಕನ್ನು ಪ್ರಿಂಟ್ ಹಾಕಿಸಿ ದಪ್ಪ ರಟ್ಟಿನ ನಾಲ್ಕು ಮೂಲೆಗೆ ಅಂಟಿಸಿ, ನಡುವೆ ತಟ್ಟೆಯ ಅಂಚು ಗೀರಿಟ್ಟುಕೊಳ್ಳಿ. ಯಾವ ಮೂಲೆ ಯಾವುದು ಎಂದು ಕೋಡ್‌ಗೆ ಗೊಂದಲವೇ ಇರುವುದಿಲ್ಲ. ತಟ್ಟೆಯನ್ನು ಪ್ರತಿ ಸಲ ಒಂದೇ ದಿಕ್ಕಿಗೆ ಇಡಲು ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಸಾಕು. ಮಾರ್ಕರ್ ಮತ್ತು ತಟ್ಟೆಯ ಮೇಲ್ಮೈ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರಲಿ.

ಯಾಕೆ ಅಂದರೆ ಹೋಮೋಗ್ರಫಿ ಸಮತಟ್ಟಾದ ಮೇಲ್ಮೈಗೆ ಮಾತ್ರ ಸರಿ. ತಟ್ಟೆ, ಟೈಲ್, ಗೋಡೆ, ಕಾಗದ ಆದೀತು. ಸುರಾಹಿ, ಹೂದಾನಿಗೆ ಆಗದು. ಕ್ಯಾಮೆರಾ ಸ್ವಲ್ಪ ಸರಿದರೆ ಉಬ್ಬಿದ ಹೊಟ್ಟೆಯ ಭಾಗವೂ ಕಿರಿದಾದ ಕುತ್ತಿಗೆಯೂ ಬೇರೆ ಬೇರೆ ಅಳತೆಯಲ್ಲಿ ಸರಿಯುತ್ತವೆ. ಒಂದೇ ಸೂತ್ರ ಎರಡಕ್ಕೂ ಕೂರುವುದಿಲ್ಲ.

ಜೋಡಿಸಿದ ಮೇಲೂ ಅಂಚುಗಳಲ್ಲಿ ಒಂದೆರಡು ಪಿಕ್ಸೆಲ್‌ನ ತೆಳು ಗೆರೆಗಳು ಉಳಿಯುತ್ತವೆ. ಅವನ್ನು ಒರೆಸಲು ಮೂರಕ್ಕೆ ಮೂರು ಪಿಕ್ಸೆಲ್‌ನ ಓಪನಿಂಗ್ ಎಂಬ ಸೋಸುವಿಕೆ ಹಾಕುತ್ತೇವೆ. ಮೂರು ಪಿಕ್ಸೆಲ್‌ಗಿಂತ ತೆಳುವಾದದ್ದೆಲ್ಲ ಅಳಿಯುತ್ತದೆ. ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. ತಂತಿ ಏಳೆಂಟು ಪಿಕ್ಸೆಲ್ ಇದ್ದರೆ ಬದುಕುತ್ತದೆ. ಕುಗ್ಗಿಸಿದ ಫೋಟೊದ ಎರಡು ಪಿಕ್ಸೆಲ್ ತಂತಿ ಕಸದ ಜೊತೆಗೇ ಹೋಗುತ್ತದೆ. ದೊಡ್ಡ ಫೋಟೊ ನಿಧಾನ ಅಂತ ಬೇಸರ ಮಾಡಿಕೊಳ್ಳಬೇಡಿ.

ಹ್ಯಾಶ್, ಮತ್ತು ಕೋಡ್ ಬೇಡ ಅನ್ನುವವರಿಗೆ

ಇಮೇಜ್ ಹ್ಯಾಶ್ ಒಂದು ಫೋಟೊವನ್ನು ಸಾಮಾನ್ಯವಾಗಿ 64 ಬಿಟ್‌ಗೆ ಇಳಿಸುತ್ತದೆ. ಎರಡು ಹ್ಯಾಶ್‌ಗಳಲ್ಲಿ ಎಷ್ಟು ಬಿಟ್ ಬೇರೆ ಇವೆ ಅಂತ ಎಣಿಸಿದರೆ ಆಯಿತು. ಸಾವಿರಾರು ಫೋಟೊಗಳಲ್ಲಿ ಒಂದೇ ಫೋಟೊದ ನಕಲುಗಳನ್ನು ಹುಡುಕಲು ಇದನ್ನು ಮೀರಿಸುವುದು ಕಷ್ಟ. ಒಂದು ತಂತಿ ಹೋದದ್ದು ಇದಕ್ಕೆ ಕಾಣುವುದೇ ಇಲ್ಲ. "ಎಲ್ಲಿ" ಅಂತಲೂ ಹೇಳುವುದಿಲ್ಲ.

ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಇಮೇಜ್‌ಮ್ಯಾಜಿಕ್‌ನ ಕಂಪೇರ್ ಇದೆ. ಉಚಿತ. ಒಂದು ಸಾಲಿನ ಕಮಾಂಡ್, ಬೇರೆಯಾದ ಭಾಗವನ್ನು ಕೆಂಪಾಗಿ ತೋರಿಸುತ್ತದೆ. ಫಜ್ ಎಂಬ ಆಯ್ಕೆಯಿಂದ ಸಣ್ಣ ಬಣ್ಣದ ವ್ಯತ್ಯಾಸ ಬಿಟ್ಟುಬಿಡು ಅನ್ನಬಹುದು. ಸ್ಕ್ರೀನ್‌ಶಾಟ್‌ಗಳಿಗೆ, ಪಿಡಿಎಫ್‌ನಿಂದ ತೆಗೆದ ಪುಟಗಳಿಗೆ ಇದೇ ಸಾಕು.

ಡೀಪ್ ಲರ್ನಿಂಗ್ ಬೇಕಾ?

ಉದಾಹರಣೆ ತೋರಿಸಿ ಕಂಪ್ಯೂಟರ್ ತಾನೇ ಕಲಿಯುವಂತೆ ಮಾಡುವ ದಾರಿ ಇದು. ಪ್ರಾಜೆಕ್ಟ್ ಹುಡುಗರು ಮೊದಲು ಕೇಳುವುದೇ ಇದನ್ನು. ಗೈಡ್ ಕೇಳುತ್ತಾರೆ, ಮಾರ್ಕ್ಸ್ ಬರುತ್ತದೆ ಅನ್ನುವುದೂ ಇರುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಫೋಟೊ ತೆಗೆಯುವುದು ನಿಮ್ಮ ಕೈಯಲ್ಲಿದ್ದರೆ ಬೇಡ. ನಿಮ್ಮ ಕೈಯಲ್ಲಿಲ್ಲದಿದ್ದರೆ ಯೋಚಿಸಿ.

ಸಯಾಮೀಸ್ ನೆಟ್‌ವರ್ಕ್ ಎರಡು ಚಿತ್ರಗಳನ್ನೂ ಒಂದೇ ಜಾಲದಲ್ಲಿ ಹಾಯಿಸಿ, ಸಿಕ್ಕ ಲಕ್ಷಣಗಳನ್ನು ಹೋಲಿಸುತ್ತದೆ. ನೆರಳು, ಎಲೆ ಅಲುಗಾಡಿದ್ದು, ಮೋಡ ಇವನ್ನೆಲ್ಲ ಬಿಟ್ಟು ನಿಜವಾದ ಬದಲಾವಣೆ ಮಾತ್ರ ಹೇಳು ಅಂತ ಕಲಿಸಬಹುದು. ಕಲಿಸಲು ಗುರುತು ಹಾಕಿದ ಜೋಡಿಗಳು ಬೇಕು. ಅವನ್ನು ಗುರುತು ಹಾಕುವವರು ಯಾರು? ಅದೇ ದೊಡ್ಡ ಖರ್ಚು. ಜಿಪಿಯು ಇಲ್ಲದವರಿಗೆ ಗೂಗಲ್ ಕೋಲ್ಯಾಬ್ ಉಚಿತವಾಗಿ ಸಿಗುತ್ತದೆ, ಸಮಯದ ಮಿತಿ ಇರುತ್ತದೆ. ಅನಾಮಲಿಬ್ ಎಂಬ ಉಚಿತ ಲೈಬ್ರರಿಯೂ ಇದೆ. ಅದಕ್ಕೆ ಚೆನ್ನಾಗಿರುವ ವಸ್ತುಗಳ ಫೋಟೊ ಮಾತ್ರ ಕೊಟ್ಟರೆ ಸಾಕು, ಅದಕ್ಕೆ ಹೊಂದದ್ದನ್ನು ತೋರಿಸುತ್ತದೆ. ಎರಡು ಬೇರೆ ಬಿದರಿ ತಟ್ಟೆಗಳ ಪ್ರಶ್ನೆಗೆ ಏನಾದರೂ ಉತ್ತರ ಇದ್ದರೆ ಈ ದಿಕ್ಕಿನಲ್ಲಿದೆ.

ಯಾರಿಗೆ ಯಾವುದು

ಪ್ರೆಸ್ ಗೆಳೆಯನ ಕೆಲಸ ಎಲ್ಲಕ್ಕಿಂತ ಸುಲಭದ್ದು. ಮದುವೆ ಕಾರ್ಡಿನ ಒಪ್ಪಿಗೆಯಾದ ಪ್ರೂಫ್ ಒಂದು, ಅಚ್ಚಾದದ್ದು ಒಂದು. ಫಾಂಟ್ ಬದಲಾಗುವಾಗ ಎಲ್ಲೋ ಒಂದು ದೀರ್ಘ ಬಿದ್ದುಹೋಗಿ "ಬೀದರ್" ಎಂಬುದು "ಬಿದರ್" ಆಗಿರುತ್ತದೆ. ಸ್ಕ್ಯಾನರ್ ಇರುವುದರಿಂದ ಬೆಳಕಿನ ಚಿಂತೆ ಇಲ್ಲ. ಕಾಗದ ಸ್ವಲ್ಪ ಓರೆಯಾಗಿರಬಹುದು ಅಷ್ಟೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಮಿಲಿಮೀಟರಿಗೆ ಸುಮಾರು 12 ಪಿಕ್ಸೆಲ್. ದೀರ್ಘದ ಗುರುತು ತಪ್ಪಿಸಿಕೊಳ್ಳುವುದಿಲ್ಲ. ಇಸಿಸಿಯಿಂದ ಜೋಡಿಸಿ ಆ್ಯಬ್ಸ್‌ಡಿಫ್ ಹಾಕಿ. ಜೆಪೆಗ್ ಬೇಡ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಚಿತ್ರವನ್ನು 8ಕ್ಕೆ 8ರ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ, ಅಕ್ಷರದ ಸುತ್ತ ಕಸ ಬೀಳುತ್ತದೆ.

ಬೀದರ್‌ನ ಮಹಮೂದ್ ಗವಾನ್ ಮದರಸಾದ ಟೈಲುಗಳನ್ನು ಇಟ್ಟುಕೊಂಡು ಪ್ರಾಜೆಕ್ಟ್ ಮಾಡಬೇಕು ಅಂದ ಹುಡುಗಿಯ ಕೆಲಸ ಕಷ್ಟದ್ದು. 1472ರ ಕಟ್ಟಡ. ಮುಂಭಾಗದ ಬಣ್ಣದ ಟೈಲುಗಳಲ್ಲಿ ಈಗ ಉಳಿದಿರುವುದು ಒಂದಿಷ್ಟೇ. ವರ್ಷಕ್ಕೊಮ್ಮೆ ಫೋಟೊ ತೆಗೆದು ಯಾವ ಚೂರು ಉದುರಿತು ಅಂತ ನೋಡುವ ಯೋಚನೆ ಅವಳದು. ನನಗೆ ತುಂಬಾ ಹಿಡಿಸಿತು. ಅಲ್ಲಿ ಸಿಫ್ಟ್ ಮತ್ತು ಹೋಮೋಗ್ರಫಿ ಬೇಕು. ಇಡೀ ಮುಂಭಾಗವನ್ನು ಒಮ್ಮೆಗೇ ಅಲ್ಲ, ಗೋಡೆಯ ಒಂದೊಂದು ಸಮತಟ್ಟು ತುಂಡನ್ನು ಬೇರೆ ಬೇರೆ ಜೋಡಿಸಬೇಕು. ನೆರಳು ಮೋಸ ಮಾಡದಂತೆ ಪ್ರತಿ ವರ್ಷ ಅದೇ ತಿಂಗಳು, ಅದೇ ಗಂಟೆ. ಮೋಡ ಕವಿದ ದಿನವಾದರೆ ಇನ್ನೂ ಒಳ್ಳೆಯದು. ಟೈಲಿನ ಬಣ್ಣ ಮುಖ್ಯವಾದ್ದರಿಂದ ಗ್ರೇ ಮಾಡಬಾರದು. ನೀಲಿ ಟೈಲ್ ಹೋಗಿ ಬೂದು ಗಾರೆ ಕಂಡರೆ ಗ್ರೇ ಚಿತ್ರದಲ್ಲಿ ಎರಡೂ ಒಂದೇ ಥರ ಇರಬಹುದು. ಬೆಳಕನ್ನು ಒಂದು ಪದರದಲ್ಲಿ, ಬಣ್ಣವನ್ನು ಎರಡು ಪದರದಲ್ಲಿ ಇಡುವ ಲ್ಯಾಬ್ ಎಂಬ ಬಣ್ಣದ ಲೆಕ್ಕಕ್ಕೆ ಬದಲಿಸಿ ಬಣ್ಣದ ಎರಡು ಪದರಗಳಲ್ಲೂ ಹೋಲಿಸಿ. ಸ್ಟ್ಯಾಂಡ್ ಹಾಕುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಕೈಯಲ್ಲಿ ಖರ್ಚಿಗೆ ಸ್ವಲ್ಪವೇ ದುಡ್ಡು ಇದೆ ಅನ್ನುವವರಿಗೆ: ಮೊದಲು ಫೋನ್ ಸ್ಟ್ಯಾಂಡ್, ಆಮೇಲೆ ಎರಡು ಬದಿಯಿಂದ ಎರಡು ಎಲ್‌ಇಡಿ ಬಲ್ಬು, ಅವುಗಳ ಮುಂದೆ ಬೆಳಕು ಹರಡಲು ಬಿಳಿ ಬಟ್ಟೆ. ಕಂಪ್ಯೂಟರ್ ಕೊನೆಗೆ.

ಚಾಚಾ ಕಾರ್ಖಾನೆಯಲ್ಲಿ ಈಗ ಇರುವುದು ಅದೇ. ರಟ್ಟಿನ ಮೇಲೆ ನಾಲ್ಕು ಮಾರ್ಕರ್, ಮೇಲಿಂದ ಫೋನ್, ಬಟ್ಟೆ ಕಟ್ಟಿದ ಎರಡು ಬಲ್ಬು. ಮಾರ್ಕರ್‌ನಿಂದ ಜೋಡಣೆ, ಇಸಿಸಿಯಿಂದ ತಿದ್ದುಪಡಿ, ಎಸ್‌ಎಸ್‌ಐಎಂ ನಕ್ಷೆ. ಹೋದ ವಾರ ವಾಪಸ್ ಬಂದ ತಟ್ಟೆಯಲ್ಲಿ ಮೂರು ಚೌಕ ಬಂದವು. ಒಂದು ಬೆಳ್ಳಿಯ ಮೇಲೆ ಬಲ್ಬಿನ ಹೊಳಪು, ಒಂದು ಯಾರದೋ ಬೆರಳಚ್ಚು. ಮೂರನೆಯದು ಬಳ್ಳಿಯ ತಿರುವಿನಲ್ಲಿ ಎದ್ದ ತಂತಿ. ಮೂರೇ ಜಾಗ ಇದ್ದದ್ದರಿಂದ ಚಾಚಾ ಕಣ್ಣಿಗೆ ಅರ್ಧ ನಿಮಿಷದ ಕೆಲಸ.

ಈಗ ಅವರು ಸುರಾಹಿಗೂ ಮಾಡು ಅನ್ನುತ್ತಿದ್ದಾರೆ. ಅದಕ್ಕೆ ಜೋಡಣೆಯ ದಾರಿ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ಹಾಗಾಗಿ ಸರಿಯದಂತೆ ನೋಡಿಕೊಳ್ಳುವುದೊಂದೇ ಉಪಾಯ. ತಿರುಗುವ ಮಣೆಯ ಅಂಚಿಗೆ 45 ಡಿಗ್ರಿಗೊಂದರಂತೆ ಎಂಟು ಗೀರು ಹಾಕಿದ್ದೇನೆ. ಸುರಾಹಿಯ ತಳದ ಗುರುತನ್ನು ಮಣೆಯ ಗುರುತಿಗೆ ಕೂಡಿಸಿ, ಒಂದೊಂದು ಗೀರಿಗೂ ನಿಲ್ಲಿಸಿ ಎಂಟು ಫೋಟೊ. ಫೋನ್ ಮತ್ತು ಮಣೆ ಎರಡನ್ನೂ ಮೇಜಿಗೆ ಸ್ಕ್ರೂ ಹಾಕಿ ಬಿಗಿದಿದ್ದೇವೆ.